ಕಣ್ಣಿನೊಳಗೆ ಬೆಳಕು ಹಿಡಿದ ಹೆಲ್ಮ್‌ಹೋಲ್ಟ್ಸ್

ನಾನು ಇತಿಹಾಸದ ವಿದ್ಯಾರ್ಥಿ. ವೈದ್ಯಶಾಸ್ತ್ರಕ್ಕೂ ನನಗೂ ದೂರದ ನಂಟೂ ಇಲ್ಲ. ಆದರೂ ವೈದ್ಯನಾಗಿದ್ದ ಒಬ್ಬ ಜರ್ಮನ್ ವಿಜ್ಞಾನಿಯ ಜೀವನವನ್ನು ಬರೆಯಲು ಹೊರಟಿದ್ದೇನೆ. ಅದಕ್ಕೆ ಕಾರಣ ನಮ್ಮ ತಾಯಿಯವರ ಕಣ್ಣು.

ಸಕ್ಕರೆ ಕಾಯಿಲೆಯಿರುವ ಅವರನ್ನು ಕಳೆದ ಬೇಸಗೆಯಲ್ಲಿ ಕಣ್ಣಿನ ವೈದ್ಯರ ಬಳಿಗೆ ಕರೆದುಕೊಂಡು ಹೋಗಿದ್ದೆ. ಅವರಿಗೆ ನೋಟದ ತೊಂದರೆಯೇನೂ ಇರಲಿಲ್ಲ. ಸೂಜಿಗೆ ದಾರವನ್ನು ತಾವೇ ಪೋಣಿಸುತ್ತಿದ್ದರು. ವೈದ್ಯರು ತಲೆಗೆ ಪಟ್ಟಿ ಕಟ್ಟಿಕೊಂಡು, ಹಣೆಯ ದೀಪದಿಂದ ಬೆಳಕು ಹಾಯಿಸಿ ನೋಡಿ, ಕಣ್ಣಿನ ಹಿಂಬದಿಯ ಪರದೆಯಲ್ಲಿ ನೆತ್ತರು ಒಸರಿದೆಯೆಂದೂ, ಈಗಲೇ ಚಿಕಿತ್ಸೆಯಾದರೆ ದೃಷ್ಟಿಯನ್ನು ಉಳಿಸಿಕೊಳ್ಳಬಹುದೆಂದೂ ತಿಳಿಸಿದರು. ನನ್ನ ಕುತೂಹಲವನ್ನು ಕಂಡು, ಈಗ ಶಸ್ತ್ರಚಿಕಿತ್ಸೆಯ ಸೂಕ್ಷ್ಮದರ್ಶಕದೊಳಗೇ ಗೆರೆಗಳೂ ಅಂಕಿಗಳೂ ಮೂಡುವ ಏರ್ಪಾಡಿದೆಯೆಂಬುದನ್ನೂ ವಿವರಿಸಿದರು. ಇದಕ್ಕೆ ಹೆಡ್ಸ್ ಅಪ್ ಡಿಸ್‌ಪ್ಲೇ ಎಂದು ಹೆಸರು. ತಲೆಯನ್ನು ಅತ್ತಿತ್ತ ತಿರುಗಿಸದೆ, ಎದುರಿನ ನೋಟದ ಮೇಲೆಯೇ ಬೇಕಾದ ವಿವರವನ್ನು ಕಾಣುವ ಉಪಾಯವಿದು. ಈ ಎರಡರ ಬೇರನ್ನು ಹುಡುಕುತ್ತ ಹೋದಾಗ ನನಗೆ ದೊರೆತ ಹೆಸರು ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್.

ಹೆಲ್ಮ್‌ಹೋಲ್ಟ್ಸನು 1821ನೆಯ ಆಗಸ್ಟ್ 31ರಂದು ಪ್ರಷ್ಯದ ಪಾಟ್ಸ್‌ಡಾಮಿನಲ್ಲಿ ಜನಿಸಿದನು. ತಂದೆ ಶಾಲೆಯ ಉಪಾಧ್ಯಾಯ. ಹುಡುಗನಿಗೆ ಭೌತಶಾಸ್ತ್ರದಲ್ಲಿ ಆಸೆ; ಆದರೆ ಅದನ್ನು ಓದಿಸುವ ಅನುಕೂಲ ತಂದೆಗಿರಲಿಲ್ಲ. ಸೈನ್ಯದಲ್ಲಿ ವೈದ್ಯನಾಗಿ ಎಂಟು ವರುಷ ದುಡಿಯಲು ಒಪ್ಪಿದವರಿಗೆ ಬರ್ಲಿನ್ನಿನಲ್ಲಿ ಸರ್ಕಾರವೇ ವೈದ್ಯವಿದ್ಯೆಯನ್ನು ಕಲಿಸುತ್ತಿದ್ದಿತು. ಆತನು ಆ ದಾರಿಯನ್ನೇ ಹಿಡಿದನು. ಸರ್ಕಾರಿ ಕಾಲೇಜಿನಲ್ಲಿ ಓದುತ್ತಿರುವ ನಮ್ಮಲ್ಲಿ ಅನೇಕರಿಗೆ ಈ ಸ್ಥಿತಿಯನ್ನು ವಿವರಿಸಿ ಹೇಳಬೇಕಾದುದಿಲ್ಲ.

ಬಯಸಿದ ವಿದ್ಯೆ ದೊರೆಯಲಿಲ್ಲವೆಂದು ಆತನು ಕೊರಗುತ್ತ ಕುಳಿತುಕೊಳ್ಳಲಿಲ್ಲ. ಸೈನ್ಯದ ವೈದ್ಯನಾಗಿದ್ದಾಗಲೇ ಪ್ರಯೋಗಗಳನ್ನು ನಡೆಸಿ, ಇಪ್ಪತ್ತಾರು ವರುಷ ತುಂಬುವ ಮೊದಲೇ, 1847ರಲ್ಲಿ, ಶಕ್ತಿಯ ಸಂರಕ್ಷಣೆಯನ್ನು ಕುರಿತ ಪ್ರಬಂಧವನ್ನು ಬರ್ಲಿನ್ನಿನ ಭೌತಶಾಸ್ತ್ರ ಸಂಘದ ಮುಂದಿಟ್ಟನು. ಹೆಸರಾಂತ ಪತ್ರಿಕೆಯೊಂದು ಅದನ್ನು ಸ್ವೀಕರಿಸದಿರಲು, ಬೇರೆಯಾಗಿಯೇ ಅಚ್ಚು ಹಾಕಿಸಿದನು. ಮರುವರುಷ ಸೈನ್ಯದಿಂದ ಬಿಡುಗಡೆ ಪಡೆದು, ಬರ್ಲಿನ್ನಿನ ಕಲಾಶಾಲೆಯಲ್ಲಿ ಚಿತ್ರಕಾರರಿಗೆ ಶರೀರರಚನೆಯನ್ನು ಬೋಧಿಸಿದನು. 1849ರಲ್ಲಿ ಕೋನಿಗ್ಸ್‌ಬರ್ಗಿನ ವಿಶ್ವವಿದ್ಯಾನಿಲಯವು ಆತನನ್ನು ಶರೀರಕ್ರಿಯಾಶಾಸ್ತ್ರದ ಅಧ್ಯಾಪಕನನ್ನಾಗಿ ಬರಮಾಡಿಕೊಂಡಿತು.

ನಮ್ಮ ಕಥೆಯ ಮುಖ್ಯ ಘಟನೆ ನಡೆದುದು ಅಲ್ಲಿಯೇ. ಜೀವಂತ ಮನುಷ್ಯನ ಕಣ್ಣುಪಾಪೆ ಕಪ್ಪಾಗಿ ಕಾಣುವುದೇಕೆ? ಒಳಗೆ ಹೋದ ಬೆಳಕು ಬಂದ ದಾರಿಯಲ್ಲಿಯೇ ದೀಪದ ಕಡೆಗೆ ಹಿಂದಿರುಗುತ್ತದೆ. ಅದನ್ನು ಕಾಣಬೇಕೆಂದು ನಾವು ಆ ದಾರಿಯಲ್ಲಿ ತಲೆಯಿಟ್ಟರೆ ದೀಪವೇ ಮರೆಯಾಗುತ್ತದೆ. ವಿದ್ಯಾರ್ಥಿಗಳಿಗೆ ಪಾಠ ಹೇಳಲು ಇದನ್ನು ಯೋಚಿಸುತ್ತಿದ್ದ ಹೆಲ್ಮ್‌ಹೋಲ್ಟ್ಸನಿಗೆ ಒಂದು ಯುಕ್ತಿ ಹೊಳೆಯಿತು. ದೀಪವನ್ನು ಪಕ್ಕದಲ್ಲಿಟ್ಟು, ನಡುವೆ ಗಾಜಿನ ತೆಳುಬಿಲ್ಲೆಗಳನ್ನು ಓರೆಯಾಗಿ ನಿಲ್ಲಿಸಿದನು. ಗಾಜು ಬೆಳಕಿನ ಒಂದಂಶವನ್ನು ರೋಗಿಯ ಕಣ್ಣೊಳಗೆ ಪ್ರತಿಫಲಿಸಿತು. ಹಿಂದಿರುಗಿದ ಬೆಳಕಿನ ಒಂದಂಶ ಅದೇ ಗಾಜನ್ನು ಹಾಯ್ದು ನೋಡುವವನನ್ನು ಮುಟ್ಟಿತು. ರಟ್ಟು, ಅಂಟು, ಕನ್ನಡಕದ ಗಾಜು ಇಷ್ಟರಿಂದಲೇ ಮೊದಲ ಯಂತ್ರ ಸಿದ್ಧವಾಯಿತು. ಜೀವಂತ ಕಣ್ಣಿನ ಹಿಂಬದಿಯ ಪರದೆ, ಅದರ ಮೇಲೆ ಹರಡಿದ ರಕ್ತನಾಳಗಳು ಆತನಿಗೆ ಸ್ಪಷ್ಟವಾಗಿ ಕಂಡವು. ಆಗ ಆತನಿಗೆ ಇಪ್ಪತ್ತೊಂಬತ್ತು ವರುಷ. 1850ರ ಡಿಸೆಂಬರಿನಲ್ಲಿ ಸಂಗತಿ ಬರ್ಲಿನ್ನಿನ ಸಂಘವನ್ನು ಮುಟ್ಟಿತು. 1851ರಲ್ಲಿ ಪುಸ್ತಕ ಹೊರಬಂದಿತು.

ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜನು 1847ರಲ್ಲಿಯೇ ಇಂಥದೊಂದು ಸಾಧನವನ್ನು ಮಾಡಿದ್ದನು. ಆದರೆ ಅದನ್ನು ಪ್ರಕಟಿಸದ ಕಾರಣ ಯಾವ ರೋಗಿಗೂ ಅದು ಒದಗಲಿಲ್ಲ. ಹೆಲ್ಮ್‌ಹೋಲ್ಟ್ಸನ ಯಂತ್ರವಾದರೋ ಬೇಗನೆ ವೈದ್ಯರ ಕೈಗೆ ಸೇರಿತು. ಬರ್ಲಿನ್ನಿನ ಆಲ್‌ಬ್ರೆಕ್ಟ್ ಫಾನ್ ಗ್ರೇಫೆ ಎಂಬ ತರುಣ ವೈದ್ಯನು ಅದರಿಂದ ಕಣ್ಣಿನ ಬೇನೆಗಳನ್ನು ಒಂದೊಂದಾಗಿ ಗುರುತಿಸಿದನು.

ಮುಂದೆ ಬಾನ್, ಹೈಡೆಲ್‌ಬರ್ಗ್‌ಗಳಲ್ಲಿ ಬೋಧಿಸಿ, 1871ರಲ್ಲಿ ಹೆಲ್ಮ್‌ಹೋಲ್ಟ್ಸನು ಬರ್ಲಿನ್ನಿನಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕನಾದನು. ಬಡತನವು ತಪ್ಪಿಸಿದ್ದ ವಿದ್ಯೆ ಐವತ್ತರ ಹೊಸ್ತಿಲಲ್ಲಿ ಆತನಿಗೆ ಒಲಿಯಿತು. 1894ನೆಯ ಸೆಪ್ಟೆಂಬರ್ 8ರಂದು ಆತನು ತೀರಿಕೊಂಡನು.

ಒಂದೇ ಗಾಜು ಪ್ರತಿಫಲಿಸಲೂಬೇಕು, ಹಾಯಲು ಬಿಡಲೂಬೇಕು. ಹೆಲ್ಮ್‌ಹೋಲ್ಟ್ಸನು ಬಳಸಿಕೊಂಡ ಈ ತತ್ತ್ವವೇ ವಿಮಾನ ಚಾಲಕನ ಎದುರಿನ ಫಲಕದಲ್ಲಿಯೂ ಶಸ್ತ್ರವೈದ್ಯನ ಸೂಕ್ಷ್ಮದರ್ಶಕದಲ್ಲಿಯೂ ಕೆಲಸಮಾಡುತ್ತದೆ. ಕಣ್ಣಿನ ಪೊರೆ ತೆಗೆದು ಕೃತಕ ಮಸೂರವನ್ನು ಕೂರಿಸುವಾಗ ಅದು ಯಾವ ಓರೆಯಲ್ಲಿ ನಿಲ್ಲಬೇಕೆಂಬ ಗೆರೆ ವೈದ್ಯನ ನೋಟದಲ್ಲಿಯೇ ಮೂಡುತ್ತದೆ. 2020ರ ಜೂನಿನಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯ ವೈದ್ಯರು, ಒಳಗಿನ ಮೂಳೆಯ ಚಿತ್ರವನ್ನು ಕಣ್ಣೆದುರಿಗೆ ತೋರುವ ಪಾರದರ್ಶಕ ಸಾಧನವನ್ನು ತಲೆಗೆ ಧರಿಸಿ, ರೋಗಿಯ ಬೆನ್ನೆಲುಬಿಗೆ ತಿರುಪುಗಳನ್ನು ಕೂರಿಸಿದರು. ದೂರದ ಪರದೆಯನ್ನು ನೋಡಲು ಕೊರಳು ತಿರುಗಿಸುವ ಅಗತ್ಯ ಅವರಿಗೆ ಬೀಳಲಿಲ್ಲ.

ಆದರೆ ಇದರಲ್ಲಿ ಅಪಾಯವೂ ಉಂಟು. 1980ರಲ್ಲಿ ನಾಸಾ ಸಂಸ್ಥೆಯವರು ಕೃತಕ ಹಾರಾಟದ ಪರೀಕ್ಷೆ ನಡೆಸಿದಾಗ, ಫಲಕದ ಅಂಕಿಗಳಲ್ಲಿ ಮನಸ್ಸಿಟ್ಟ ಕೆಲವು ಚಾಲಕರಿಗೆ ಓಡುದಾರಿಯಲ್ಲಿ ಅಡ್ಡ ನಿಂತ ವಿಮಾನವೇ ಕಾಣಲಿಲ್ಲ. ಶಸ್ತ್ರವೈದ್ಯನೂ ಹಾಗೆ ಚಿತ್ರದಲ್ಲಿ ಮೈಮರೆತರೆ ಗತಿಯೇನು? ಗಾಜಿನ ಮೇಲೆ ಮೂಡಿದ್ದು ಗಾಜಿನಾಚೆಗಿರುವ ರೋಗಿಯನ್ನು ಮರೆಮಾಡಬಾರದು. ಹೆಲ್ಮ್‌ಹೋಲ್ಟ್ಸನು ಗಾಜನ್ನು ಓರೆಯಾಗಿ ನಿಲ್ಲಿಸಿದುದು ಎದುರಿಗಿರುವವನನ್ನು ಇನ್ನಷ್ಟು ಚೆನ್ನಾಗಿ ಕಾಣಲೆಂದು ತಾನೇ?

ನಮ್ಮ ತಾಯಿಯವರ ಚಿಕಿತ್ಸೆ ಮುಗಿದಿದೆ. ಈಗಲೂ ಅವರು ಸೂಜಿಗೆ ದಾರವನ್ನು ತಾವೇ ಪೋಣಿಸುತ್ತಾರೆ. ರಟ್ಟು, ಅಂಟು, ಗಾಜಿನ ಆ ಮೊದಲ ಯಂತ್ರಕ್ಕೆ ನಮ್ಮ ಮನೆಯ ಋಣ ಇಷ್ಟು.