ಗರ್ಭಿಣಿಯರ ಮಾತ್ರೆಯ ಹಿಂದಿರುವ ವೈದ್ಯೆ: ಡಾ. ಲೂಸಿ ವಿಲ್ಸ್

ಹರಿಹರದ ಆರೋಗ್ಯ ಮಾತೆಯ ಪುಣ್ಯಕ್ಷೇತ್ರಕ್ಕೆ ನಮ್ಮ ಕರಾವಳಿಯಿಂದಲೂ ಭಕ್ತರು ಹೋಗುತ್ತಾರೆ. ಸುಖಪ್ರಸವಕ್ಕಾಗಿ ಹರಕೆ ಹೊತ್ತವರೂ ಅವರಲ್ಲಿರುತ್ತಾರೆ. ಅಲ್ಲಿಗೆ ಹತ್ತಿರದ ದಾವಣಗೆರೆಯಲ್ಲಿ 1965ರಲ್ಲಿ ಆರಂಭವಾದ ಜೆ.ಜೆ.ಎಂ. ವೈದ್ಯಕೀಯ ಕಾಲೇಜಿದೆ. ಹರಕೆಯ ತಾಯಂದಿರಿಗೂ ಆ ಕಾಲೇಜಿನ ವಿದ್ಯಾರ್ಥಿಗಳಿಗೂ ಸಂಬಂಧಪಟ್ಟ ಒಂದು ಜೀವನಕಥೆಯನ್ನು ಇಂದು ನಾವು ಓದುಗರ ಮುಂದಿಡುತ್ತಿದ್ದೇವೆ.

ಗರ್ಭಿಣಿಯರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಕೊಡುವ ಕೆಂಪು ಮಾತ್ರೆಯನ್ನು ಎಲ್ಲರೂ ನೋಡಿದ್ದೇವೆ. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಈ ಫೋಲಿಕ್ ಆಮ್ಲದ ದಾರಿಯನ್ನು ಮೊದಲು ತೋರಿಸಿದವರು ಡಾ. ಲೂಸಿ ವಿಲ್ಸ್. ಅವರಿಗೆ ಆ ದಾರಿ ಕಂಡದ್ದು ನಮ್ಮ ಭಾರತದ ಬಡ ತಾಯಂದಿರ ನಡುವೆ.

ಲೂಸಿ ವಿಲ್ಸ್ 1888ರ ಮೇ 10ರಂದು ಇಂಗ್ಲೆಂಡಿನಲ್ಲಿ ಜನಿಸಿದರು. ಕೇಂಬ್ರಿಡ್ಜ್‌ನ ನ್ಯೂನ್‌ಹ್ಯಾಮ್ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಮತ್ತು ಭೂಗರ್ಭಶಾಸ್ತ್ರ ಓದಿ 1911ರಲ್ಲಿ ಪರೀಕ್ಷೆ ಮುಗಿಸಿದರು. ಆದರೆ ಆ ವಿಶ್ವವಿದ್ಯಾಲಯ 1948ರವರೆಗೂ ಮಹಿಳೆಯರಿಗೆ ಪದವಿ ಕೊಡುತ್ತಿರಲಿಲ್ಲ. ಮುಂದೆ ಲಂಡನ್ನಿನ ಮಹಿಳಾ ವೈದ್ಯಕೀಯ ಶಾಲೆ ಸೇರಿ 1920ರಲ್ಲಿ ವೈದ್ಯೆಯಾದರು. ಅವರ ಒಲವು ರೋಗಿಗಳ ಚಿಕಿತ್ಸೆಗಿಂತ ರೋಗದ ಕಾರಣ ಹುಡುಕುವ ಪ್ರಯೋಗಾಲಯದ ಕಡೆಗಿತ್ತು.

ಆ ದಿನಗಳಲ್ಲಿ ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಗರ್ಭಿಣಿಯರು ತೀವ್ರ ರಕ್ತಹೀನತೆಯಿಂದ ಬಳಲುತ್ತಿದ್ದರು. ಹಲವರು ಪ್ರಾಣವನ್ನೇ ಕಳೆದುಕೊಳ್ಳುತ್ತಿದ್ದರು. ಡಾ. ಮಾರ್ಗರೆಟ್ ಬಾಲ್ಫೋರ್ ಅವರ ಕರೆಯ ಮೇರೆಗೆ 1928ರಲ್ಲಿ ಲೂಸಿ ಮುಂಬಯಿಗೆ ಬಂದು, ಹಾಫ್ಕಿನ್ ಸಂಸ್ಥೆಯಲ್ಲಿ ಕೆಲಸ ಆರಂಭಿಸಿದರು. ಭಾರತೀಯ ಸಂಶೋಧನಾ ನಿಧಿ ಸಂಘವು ನಡೆಸುತ್ತಿದ್ದ ತಾಯಂದಿರ ಮರಣದ ವಿಚಾರಣೆಯ ಒಂದು ಭಾಗ ಇದಾಗಿತ್ತು. ಮುಂದೆ ನೀಲಗಿರಿಯ ಕುನೂರಿನ ಪಾಶ್ಚರ್ ಸಂಸ್ಥೆಯಲ್ಲೂ ಅವರು ದುಡಿದರು.

ರೋಗಾಣುಗಳನ್ನು ಹುಡುಕುವುದರ ಜೊತೆಗೆ ಅವರು ಇನ್ನೊಂದು ಸರಳ ಪ್ರಶ್ನೆ ಕೇಳಿದರು: ಈ ತಾಯಂದಿರು ದಿನವೂ ಏನು ಉಣ್ಣುತ್ತಾರೆ? ಅದೇ ಬಡ ಆಹಾರವನ್ನು ಇಲಿಗಳಿಗೂ ಕೋತಿಗಳಿಗೂ ಕೊಟ್ಟು ಪರೀಕ್ಷಿಸಿದರು. ಕೊನೆಗೆ ಗುಣ ಕಂಡದ್ದು ಮಾರ್ಮೈಟ್ ಎಂಬ ಅಗ್ಗದ ಯೀಸ್ಟ್ ಸಾರದಲ್ಲಿ. ಇಂಗ್ಲೆಂಡಿನ ಜನ ಬ್ರೆಡ್ಡಿಗೆ ಸವರಿಕೊಂಡು ತಿನ್ನುವ ವಸ್ತು ಅದು. ಅದನ್ನು ಸೇವಿಸಿದ ತಾಯಂದಿರು ಚೇತರಿಸಿಕೊಂಡರು. 1931ರಲ್ಲಿ ಅವರು ಇದನ್ನು ಪ್ರಕಟಿಸಿದಾಗ ಆ ಸಾರದಲ್ಲಿರುವ ಗುಣಕಾರಿ ಅಂಶಕ್ಕೆ ಹೆಸರೇ ಇರಲಿಲ್ಲ. ವಿಜ್ಞಾನಿಗಳು ಅದನ್ನು ವಿಲ್ಸ್ ಅಂಶವೆಂದು ಕರೆದರು. 1941ರಲ್ಲಿ ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿದಾಗ ಅದಕ್ಕೆ ಫೋಲಿಕ್ ಆಮ್ಲವೆಂಬ ಹೆಸರು ಬಂತು. ಗರ್ಭ ಧರಿಸುವ ಮೊದಲೇ ಇದನ್ನು ಸೇವಿಸಿದರೆ ಶಿಶುವಿನ ಬೆನ್ನುಹುರಿಯ ದೋಷಗಳನ್ನು ಬಹುಮಟ್ಟಿಗೆ ತಡೆಯಬಹುದೆಂದು 1991ರಲ್ಲಿ ದೃಢಪಟ್ಟಿತು.

ಲೂಸಿ ಅದನ್ನು ಕಾಣಲು ಬದುಕಿರಲಿಲ್ಲ. ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯಲ್ಲಿ 1947ರವರೆಗೆ ಸೇವೆ ಸಲ್ಲಿಸಿ, 1964ರ ಏಪ್ರಿಲ್ 26ರಂದು ಅವರು ತೀರಿಕೊಂಡರು. ಅವರು ಮದುವೆಯಾಗಿರಲಿಲ್ಲ.

ಕಾರಣವೊಂದು ತಿಳಿಯಿತು, ಮದ್ದೂ ಸಿಕ್ಕಿತು. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ನೂರಕ್ಕೆ 52 ಮಂದಿಗೆ ರಕ್ತಹೀನತೆ ಇತ್ತು. ಮಾತ್ರೆ ಮನೆಗೆ ಬಂದರೂ ಹೊಟ್ಟೆಗೆ ಹೋಗುವುದಿಲ್ಲವೇ? ವಾಕರಿಕೆ, ಮಲಬದ್ಧತೆಗೆ ಹೆದರಿ ಬಿಡುತ್ತಾರೆಯೇ? ಚಹಾದೊಂದಿಗೆ ನುಂಗಿ ಕಬ್ಬಿಣಾಂಶವನ್ನು ವ್ಯರ್ಥ ಮಾಡಿಕೊಳ್ಳುತ್ತಾರೆಯೇ? ದಾವಣಗೆರೆಯೂ ಒಂದು ಕಾಲದಲ್ಲಿ ಬಟ್ಟೆ ಗಿರಣಿಗಳ ಊರು. ಅಲ್ಲಿನ ಮಂಡಕ್ಕಿ ಭಟ್ಟಿಯ ಬಿಸಿಯಲ್ಲಿ ದುಡಿಯುವ, ಹರಿಹರದ ಓಣಿಗಳಲ್ಲಿ ಬೀಡಿ ಕಟ್ಟುವ ಮಹಿಳೆ ಬಸುರಿಯಾದಾಗ ಏನು ಉಣ್ಣುತ್ತಾಳೆ? ಲೂಸಿಯವರ ಪ್ರಶ್ನೆ ಇಂದಿಗೂ ಹಳತಾಗಿಲ್ಲ.

ಇದನ್ನು ಕೇಳಲು ದೊಡ್ಡ ವಿಜ್ಞಾನಿಯೇ ಆಗಬೇಕಿಲ್ಲ. ಲೂಸಿಯವರ ಕೆಲಸಕ್ಕೆ ಆಸರೆಯಾದ ಆ ನಿಧಿ ಸಂಘವೇ 1949ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐ.ಸಿ.ಎಂ.ಆರ್. ಆಯಿತು. ಈ ಮಂಡಳಿಯು 1979ರಲ್ಲಿ ವೈದ್ಯಕೀಯ ವಿದ್ಯಾರ್ಥಿಗಳಿಗಾಗಿ ಅಲ್ಪಾವಧಿ ಸಂಶೋಧನಾ ವೇತನವನ್ನು ಆರಂಭಿಸಿತು. ಇದರಲ್ಲಿ ವಿದ್ಯಾರ್ಥಿಯು ತನ್ನ ಕಾಲೇಜಿನ ಅಧ್ಯಾಪಕರೊಬ್ಬರ ಮಾರ್ಗದರ್ಶನದಲ್ಲಿ ಒಂದು ಪ್ರಶ್ನೆಯನ್ನು ಆರಿಸಿಕೊಂಡು, ನೈತಿಕ ಸಮಿತಿಯ ಒಪ್ಪಿಗೆ ಪಡೆದು, ಎರಡು ತಿಂಗಳು ಅಧ್ಯಯನ ನಡೆಸಿ ವರದಿ ಸಲ್ಲಿಸುತ್ತಾನೆ. ಸ್ತ್ರೀರೋಗ ಮತ್ತು ಪ್ರಸೂತಿ ವಿಭಾಗದಲ್ಲಿ ಇಂತಹ ಪ್ರಶ್ನೆಗಳಿಗೆ ಕೊರತೆಯಿಲ್ಲ. ಹೊರರೋಗಿ ವಿಭಾಗದ ಸಾಲಿನಲ್ಲಿ ಕುಳಿತ ತಾಯಂದಿರ ಮಾತನ್ನು ತಾಳ್ಮೆಯಿಂದ ಕೇಳಿ ಬರೆದುಕೊಂಡರೆ ಅರ್ಧ ಕೆಲಸ ಆದಂತೆ.

ನಮ್ಮ ಧರ್ಮಕೇಂದ್ರಗಳಿಂದ ದಾವಣಗೆರೆಗಾಗಲಿ, ಮಂಗಳೂರಿಗಾಗಲಿ ವೈದ್ಯಕೀಯ ಓದಲು ಹೋದ ಮಕ್ಕಳಿಗೆ ಈ ಸಂಗತಿಯನ್ನು ತಿಳಿಸಬೇಕೆಂದು ತಂದೆತಾಯಂದಿರಲ್ಲಿ ನಮ್ಮ ವಿನಂತಿ. ಅಂಕಗಳ ಚಿಂತೆಯ ನಡುವೆ ಎರಡು ತಿಂಗಳು ಹೆಚ್ಚೇನಲ್ಲ. ಸ್ತ್ರೀ ಸಂಘಟನೆಯ ಸದಸ್ಯೆಯರು ಕೂಡ ನೆರೆಯ ಬಸುರಿಯ ಮನೆಗೆ ಹೋದಾಗ ಮಾತ್ರೆ ತೆಗೆದುಕೊಂಡೆಯಾ ಎಂದು ಕೇಳಿ ಸುಮ್ಮನಾಗದೆ, ಬಿಟ್ಟಿದ್ದರೆ ಏಕೆ ಬಿಟ್ಟೆ ಎಂದೂ ವಿಚಾರಿಸಲಿ. ಆ ಉತ್ತರವನ್ನು ಊರಿನ ಆರೋಗ್ಯ ಕಾರ್ಯಕರ್ತೆಗೆ ಮುಟ್ಟಿಸಿದರೆ ಒಬ್ಬ ತಾಯಿಯಾದರೂ ಉಳಿದಾಳು.