ಗಾಳಿ ಮಾರುತ್ತಿದ್ದ ಮೆಲ್ ಫಿಶರ್

ಮೆಲ್ ಫಿಶರ್ ಎಂದೊಡನೆ ನೆನಪಾಗುವುದು ಚಿನ್ನ. 1622ರ ಚಂಡಮಾರುತಕ್ಕೆ ಸಿಲುಕಿ ಅಮೆರಿಕದ ಫ್ಲೋರಿಡಾ ದಕ್ಷಿಣದ ಕಡಲಲ್ಲಿ ಮುಳುಗಿದ್ದ ಸ್ಪೇನಿನ ಅತೋಚಾ ಹಡಗನ್ನು ಹದಿನಾರು ವರ್ಷ ಹುಡುಕಿ, 1985ರಲ್ಲಿ ಅದರ ಬೆಳ್ಳಿಯ ರಾಶಿಯನ್ನೇ ಪತ್ತೆ ಹಚ್ಚಿದ ಸಾಹಸಿ ಆತ. ಆದರೆ ನಿಧಿಶೋಧಕನಾಗುವ ಮೊದಲು ಫಿಶರ್ ಒಬ್ಬ ಅಂಗಡಿಯಾತನಾಗಿದ್ದ. ನೀರಿನೊಳಗೆ ಉಸಿರಾಡುವ ಸಾಧನಗಳನ್ನು ಮಾರುತ್ತಿದ್ದ. ಅದಕ್ಕಿಂತ ಹೆಚ್ಚಾಗಿ, ಸಿಲಿಂಡರುಗಳಿಗೆ ಗಾಳಿ ತುಂಬಿಸಿ ಕೊಡುತ್ತಿದ್ದ. ಸ್ಕೂಬಾ ಸಲಕರಣೆಯನ್ನು ಊರಿನ ಅಂಗಡಿಯಲ್ಲಿ ಕೊಳ್ಳಬೇಕೋ, ಇಂಟರ್‌ನೆಟ್‌ನಲ್ಲಿ ತರಿಸಿಕೊಳ್ಳಬೇಕೋ ಎಂದು ಇಂದಿನ ಮುಳುಗುಗಾರರು ಚರ್ಚಿಸುವಾಗ ಅಂಗಡಿಯ ಪರವಾಗಿ ಹೇಳುವ ಮಾತುಗಳೆಲ್ಲ ಆತನ ಆ ಕಾಲದ ವ್ಯಾಪಾರದಲ್ಲೇ ಅಡಗಿದ್ದವು.

ಫಿಶರ್ ಹುಟ್ಟಿದ್ದು 1922ರ ಆಗಸ್ಟ್ 21ರಂದು, ಕಡಲಿನಿಂದ ಬಹುದೂರದ ಇಂಡಿಯಾನಾ ರಾಜ್ಯದ ಹೋಬರ್ಟ್ ಪಟ್ಟಣದಲ್ಲಿ. ಕಡಲ್ಗಳ್ಳರ ಕಥೆಗಳನ್ನು ಓದಿ ಬೆಳೆದ ಹುಡುಗ ಮನೆಯಲ್ಲೇ ಶಿರಸ್ತ್ರಾಣವೊಂದನ್ನು ತಯಾರಿಸಿಕೊಂಡು ಕೆಸರು ಹೊಂಡಕ್ಕೆ ಇಳಿದಿದ್ದ. ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಓದಿದ. ಎರಡನೆಯ ಮಹಾಯುದ್ಧದಲ್ಲಿ ಸೇನೆಯ ಎಂಜಿನಿಯರುಗಳ ದಳದಲ್ಲಿ ದುಡಿದ. 1950ರ ಹೊತ್ತಿಗೆ ತಂದೆ ತಾಯಿಯೊಂದಿಗೆ ಕ್ಯಾಲಿಫೋರ್ನಿಯಾಕ್ಕೆ ಬಂದು, ಟೊರೆನ್ಸ್‌ನಲ್ಲಿ ಕೋಳಿ ಸಾಕಣೆಗೆ ತೊಡಗಿದ.

ಫ್ರಾನ್ಸಿನಲ್ಲಿ ಜಾಕ್ ಕುಸ್ತೋ ಮತ್ತು ಎಮಿಲ್ ಗಾನ್ಯಾಂ 1943ರಲ್ಲಿ ರೂಪಿಸಿದ ಅಕ್ವಾಲಂಗ್ ಆಗಷ್ಟೇ ಅಮೆರಿಕದ ಪಶ್ಚಿಮ ಕರಾವಳಿಗೆ ಕಾಲಿಟ್ಟಿತ್ತು. ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯದ ಬಳಿ ರೆನೆ ಬುಸೋಜ್ ಎಂಬಾತನ ಕ್ರೀಡಾ ಸಾಮಗ್ರಿ ಅಂಗಡಿ ಅದನ್ನು ಆಮದು ಮಾಡಿಕೊಳ್ಳುತ್ತಿತ್ತು. ಮುಳುಗುವುದಕ್ಕೆಂದೇ ಮೀಸಲಾದ ಅಂಗಡಿ ಎಂಬುದು ಜನರ ಕಲ್ಪನೆಯಲ್ಲೂ ಇರಲಿಲ್ಲ. ಫಿಶರ್ ಕೋಳಿ ಫಾರಂನ ಒಂದು ಕೊಟ್ಟಿಗೆಯಲ್ಲಿ ಕಂಪ್ರೆಸರ್ ಇರಿಸಿ ವ್ಯಾಪಾರ ಆರಂಭಿಸಿದ. ಕೋಳಿಗಳ ಕೂಗಿನ ನಡುವೆ ಮುಳುಗುಗಾರರು ತಮ್ಮ ಸಿಲಿಂಡರು ಹೊತ್ತು ಬರತೊಡಗಿದರು.

ಆ ಕಂಪ್ರೆಸರೇ ಅಂಗಡಿಯ ಜೀವಾಳ. ಮುಖವಾಡ, ಈಜುರೆಕ್ಕೆ, ರೆಗ್ಯುಲೇಟರ್ ಇವೆಲ್ಲ ಅಂಚೆಯಲ್ಲಿ ಬರಬಲ್ಲವು. ಮುಂದೆ ಸಿಯರ್ಸ್‌ನಂಥ ಕಂಪನಿಗಳು ಕ್ಯಾಟಲಾಗ್ ಮೂಲಕ ಮನೆಮನೆಗೆ ಸ್ಕೂಬಾ ಸಾಧನಗಳನ್ನು ಮಾರಿದವು ಕೂಡ. ಆದರೆ ಗಾಳಿ ಅಂಚೆಯಲ್ಲಿ ಬರುವುದಿಲ್ಲ. ಚದರ ಅಂಗುಲಕ್ಕೆ 2,000 ಪೌಂಡಿಗೂ ಮಿಕ್ಕಿದ ಒತ್ತಡದಲ್ಲಿ ಸಿಲಿಂಡರಿಗೆ ತುಂಬಬೇಕಾದ ಗಾಳಿ ಒಂದು ಮುಳುಗಿಗೆ ಹೆಚ್ಚೆಂದರೆ ಒಂದು ಗಂಟೆ ಬಾಳುತ್ತದೆ. ಮತ್ತೆ ತುಂಬಿಸಲು ಅಂಗಡಿಗೇ ಬರಬೇಕು. ಅದೂ ಶುದ್ಧ ಗಾಳಿಯಾಗಿರಬೇಕು. ಎಂಜಿನ್ನಿನ ಹೊಗೆ ಸ್ವಲ್ಪ ಒಳಸೇರಿದರೂ ನೆಲದ ಮೇಲೆ ತಲೆನೋವು ತರುವ ಕಾರ್ಬನ್ ಮಾನಾಕ್ಸೈಡ್ ಆಳದ ಒತ್ತಡದಲ್ಲಿ ಪ್ರಾಣಕ್ಕೇ ಎರವಾದೀತು. ಹೀಗಾಗಿ ಗಿರಾಕಿ ಹಣ ತೆರುತ್ತಿದ್ದುದು ಗಾಳಿಗಾದರೂ ನಿಜದಲ್ಲಿ ಕೊಳ್ಳುತ್ತಿದ್ದುದು ತುಂಬುವವನ ಮೇಲಿನ ನಂಬಿಕೆಯನ್ನು.

ಕೋಳಿ ಫಾರಂ ಮಾರಾಟಕ್ಕೆ ಬಂದಾಗ ಅದನ್ನು ಕೊಂಡ ಕುಟುಂಬದ ಮಗಳು ಡೊಲೊರೆಸ್ ಹಾರ್ಟನ್. ಎಲ್ಲರೂ ಆಕೆಯನ್ನು ಡಿಯೊ ಎನ್ನುತ್ತಿದ್ದರು. 1953ರಲ್ಲಿ ಇಬ್ಬರೂ ಮದುವೆಯಾದರು. ಬಂಡವಾಳವಿಲ್ಲದ ದಂಪತಿ ಕಡಲಿಗಿಳಿದು ಸಿಗಡಿಜಾತಿಯ ದೊಡ್ಡ ಲಾಬ್‌ಸ್ಟರ್‌ಗಳನ್ನು ಹಿಡಿದು ಮಾರಿ, ಆ ದುಡ್ಡಿನಲ್ಲಿ ರೆಡಾಂಡೊ ಬೀಚ್‌ನಲ್ಲಿ ಮೆಲ್ಸ್ ಅಕ್ವಾ ಶಾಪ್ ಕಟ್ಟಿದರು. ಮುಳುಗುಗಾರರಿಗೆಂದೇ ತೆರೆದ ಮೊದಲ ಅಂಗಡಿ ಎಂದು ಅದನ್ನು ಹಲವರು ಬಣ್ಣಿಸುತ್ತಾರೆ. ಡಿಯೊ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವಳಷ್ಟೇ ಅಲ್ಲ. 1959ರಲ್ಲಿ 55 ಗಂಟೆಗೂ ಹೆಚ್ಚು ಕಾಲ ನೀರಿನೊಳಗೇ ಇದ್ದು ಮಹಿಳೆಯರ ದಾಖಲೆ ಬರೆದಳು. ಅಂಗಡಿಗೆ ಅದಕ್ಕಿಂತ ದೊಡ್ಡ ಜಾಹೀರಾತು ಬೇಕಿತ್ತೇ?

ಸಲಕರಣೆ ಮಾರಿದವನೇ ಅದರ ಬಳಕೆಯನ್ನೂ ಕಲಿಸುವುದು ಫಿಶರ್ ದಂಪತಿಯ ಪದ್ಧತಿಯಾಗಿತ್ತು. ಇದು ಔದಾರ್ಯವೂ ಹೌದು, ಜಾಣತನವೂ ಹೌದು. ಕಲಿತವನು ಮತ್ತೆ ಮತ್ತೆ ಗಾಳಿಗೆ ಬರುತ್ತಾನೆ. ಕಲಿಯದವನ ಪಾಡೇನು? ಹತ್ತು ಮೀಟರ್ ಆಳದಲ್ಲಿ ಒತ್ತಡ ನೆಲದ ಮೇಲಿನದರ ಎರಡರಷ್ಟು. ಅಲ್ಲಿ ಸಿಲಿಂಡರಿನಿಂದ ಎಳೆದುಕೊಂಡ ಉಸಿರನ್ನು ಬಿಗಿಹಿಡಿದು ಮೇಲೆ ಬಂದರೆ ಶ್ವಾಸಕೋಶದೊಳಗಿನ ಗಾಳಿ ಇಮ್ಮಡಿಯಾಗಿ ಹಿಗ್ಗುತ್ತದೆ, ಶ್ವಾಸಕೋಶ ಹರಿಯುತ್ತದೆ. ಸಾಯಲು ಸಾಗರದಾಳವೇ ಬೇಕಿಲ್ಲ, ಈಜುಕೊಳದ ಆಳ ಸಾಕು. ಸಾಧನ ಕೊಂಡವನಿಗೆ ಇದನ್ನು ಹೇಳಲೇಬೇಕೆಂಬ ಕಟ್ಟಳೆ ಆಗ ಇರಲಿಲ್ಲ. ಲಾಸ್ ಏಂಜಲೀಸ್ ಕೌಂಟಿ 1954ರಲ್ಲಿ ಬೋಧಕರಿಗೆ ತರಬೇತಿ ಆರಂಭಿಸಿತು. 1960ರಲ್ಲಿ ನಾಯಿ, 1966ರಲ್ಲಿ ಪ್ಯಾಡಿ ಎಂಬ ಸಂಸ್ಥೆಗಳು ಹುಟ್ಟಿಕೊಂಡವು. ಪ್ರಮಾಣಪತ್ರವಿಲ್ಲದವರಿಗೆ ಗಾಳಿ ತುಂಬುವುದಿಲ್ಲ ಎಂಬ ಅಂಗಡಿಗಳ ಸಂಪ್ರದಾಯ ಬೆಳೆದದ್ದು ಆ ಬಳಿಕ.

ಇಂದು ರೆಗ್ಯುಲೇಟರನ್ನು ಕಡಿಮೆ ಬೆಲೆಗೆ ಇಂಟರ್‌ನೆಟ್‌ನಲ್ಲಿ ತರಿಸಿಕೊಳ್ಳುವವನು ತಪ್ಪು ಮಾಡುತ್ತಾನೆಂದು ಹೇಳಲಾಗದು. ಉಳಿತಾಯ ನಿಜವಾದದ್ದೇ. ಆದರೆ ಮುಖವಾಡ ತನ್ನ ಮುಖಕ್ಕೆ ಕೂರುತ್ತದೆಯೇ ಎಂದು ಪರದೆಯ ಮೇಲೆ ತಿಳಿಯದು. ಅಧಿಕೃತ ಮಾರಾಟಗಾರರಿಂದ ಕೊಂಡರೆ ಮಾತ್ರ ವಾರಂಟಿ ಎನ್ನುವ ತಯಾರಕರೂ ಉಂಟು. ಅಂಗಡಿಯಲ್ಲಿ ಅಳತೆ ನೋಡಿ, ಸಲಹೆ ಕೇಳಿ, ಬೇರೆಡೆ ಕೊಳ್ಳುವವರು ಹೆಚ್ಚಿದಷ್ಟೂ ಗಾಳಿ ತುಂಬುವ ಕಂಪ್ರೆಸರಿನ ಖರ್ಚು ಅಂಗಡಿಯಾತನ ತಲೆಯ ಮೇಲೇ ಬೀಳುತ್ತದೆ. ಗಾಳಿಯ ಲಾಭವೊಂದರಿಂದಲೇ ಯಾವ ಅಂಗಡಿಯೂ ಬದುಕಲಾರದು.

ಫಿಶರ್‌ನ ಅಂಗಡಿ ಬದುಕಿತ್ತು. ಅಂಗಡಿಯಾತನ ಮನಸ್ಸು ಅಲ್ಲಿ ನಿಲ್ಲಲಿಲ್ಲ. 1963ರಲ್ಲಿ ಆತ ಎಲ್ಲವನ್ನೂ ಬಿಟ್ಟು, ಹೆಂಡತಿ ಮಕ್ಕಳೊಂದಿಗೆ ಫ್ಲೋರಿಡಾಕ್ಕೆ ಹೊರಟ. ಅಲ್ಲಿ 1715ರಲ್ಲಿ ಮುಳುಗಿದ ಸ್ಪೇನಿನ ಹಡಗುಗಳನ್ನು ಶೋಧಿಸುತ್ತಿದ್ದ ಕಿಪ್ ವ್ಯಾಗ್ನರ್ ತಂಡದೊಡನೆ ಒಪ್ಪಂದವಾಯಿತು: ಒಂದು ವರ್ಷ ಸಂಬಳವಿಲ್ಲ, ಸಿಕ್ಕಿದ್ದರಲ್ಲಿ ಪಾಲು. ಕಲಕಿದ ನೀರಿನಲ್ಲಿ ತಳವೇ ಕಾಣದಾದಾಗ ಫಿಶರ್‌ನ ಎಂಜಿನಿಯರ್ ಬುದ್ಧಿ ಎಚ್ಚೆತ್ತಿತು. ದೋಣಿಯ ಪ್ರೊಪೆಲರಿನ ಹಿಂದೆ ಬಾಗಿದ ದೊಡ್ಡ ಕೊಳವೆ ಕಟ್ಟಿ, ಮೇಲಿನ ತಿಳಿನೀರನ್ನು ತಳಕ್ಕೆ ದೂಡಿದ. ನೀರು ತಿಳಿಯಾದದ್ದಲ್ಲದೆ ಮರಳಿನಲ್ಲಿ ಗುಂಡಿಯೂ ಬಿತ್ತು. 1964ರ ಮೇ ತಿಂಗಳಲ್ಲಿ, ವರ್ಷದ ಗಡುವು ಮುಗಿಯುವ ಹೊತ್ತಿಗೆ, ಅಂಥದೊಂದು ಗುಂಡಿಯಲ್ಲಿ 1,033 ಚಿನ್ನದ ನಾಣ್ಯಗಳು ಹಾಸಿಬಿದ್ದಿದ್ದವು. ಆ ಕೊಳವೆ ಪುರಾತತ್ವದ ಕುರುಹುಗಳನ್ನೂ ಚದುರಿಸುತ್ತದೆ ಎಂಬ ವಿದ್ವಾಂಸರ ಆಕ್ಷೇಪಕ್ಕೆ ಹುರುಳಿತ್ತು. ಅದು ಆತನನ್ನು ಕೊನೆವರೆಗೂ ಬಿಡಲಿಲ್ಲ.

1969ರಿಂದ ಅತೋಚಾ ಶೋಧ. ಮೊದಲಿಗೆ ಹುಡುಕಿದ್ದು ತಪ್ಪು ದ್ವೀಪಗಳ ಬಳಿ. ಇತಿಹಾಸಕಾರ ಯೂಜೀನ್ ಲಿಯಾನ್ ಸೆವಿಲ್ ನಗರದ ಹಳೆಯ ಕಡತಗಳನ್ನು ಓದಿ, ಹಡಗು ಮಾರ್ಕೆಸಾಸ್ ದ್ವೀಪಗಳ ಸಮೀಪ ಮುಳುಗಿದೆಯೆಂದು ತೋರಿಸಿಕೊಟ್ಟ. 1973ರಲ್ಲಿ ಬೆಳ್ಳಿಯ ಗಟ್ಟಿಗಳು ಸಿಕ್ಕವು. 1975ರ ಜುಲೈ 13ರಂದು ಮಗ ಡರ್ಕ್ ಕಂಚಿನ ಫಿರಂಗಿಗಳನ್ನು ಕಂಡ. ವಾರ ಕಳೆಯುವುದರೊಳಗೆ, ರಾತ್ರಿ ಲಂಗರು ಹಾಕಿದ್ದ ನಾರ್ತ್‌ವಿಂಡ್ ದೋಣಿ ಮಗುಚಿ ಡರ್ಕ್, ಆತನ ಹೆಂಡತಿ ಏಂಜಲ್ ಹಾಗೂ ರಿಕ್ ಗೇಜ್ ಎಂಬ ಮುಳುಗುಗಾರ ಜಲಸಮಾಧಿಯಾದರು. ನೀರಿನೊಳಗಿನ ಅಪಾಯಗಳನ್ನು ಊರಿಗೆಲ್ಲ ಕಲಿಸಿದ ತಂದೆಯ ಮಗನನ್ನು ಕಡಲು ಕೊಂಡೊಯ್ದದ್ದು ಮುಳುಗುವಾಗಲ್ಲ, ದೋಣಿಯಲ್ಲಿದ್ದಾಗ. ಫಿಶರ್ ಹುಡುಕಾಟ ನಿಲ್ಲಿಸಲಿಲ್ಲ. ಇಂದೇ ಆ ದಿನ ಎಂದು ಪ್ರತಿ ಬೆಳಿಗ್ಗೆ ಹೇಳುತ್ತ, ಸಂಬಳಕ್ಕೆ ಹಣವಿಲ್ಲದ ವಾರಗಳಲ್ಲೂ ತಂಡವನ್ನು ಕಡಲಿಗೆ ಕಳಿಸಿದ. ನಿಧಿಯಲ್ಲಿ ಪಾಲು ಕೇಳಿದ ಫ್ಲೋರಿಡಾ ಸರ್ಕಾರದೊಂದಿಗಿನ ವ್ಯಾಜ್ಯ ಸುಪ್ರೀಂ ಕೋರ್ಟ್ ತಲುಪಿ, 1982ರಲ್ಲಿ ತೀರ್ಪು ಆತನ ಕಡೆಗಾಯಿತು.

1985ರ ಜುಲೈ 20ರಂದು ಇನ್ನೊಬ್ಬ ಮಗ ಕೇನ್, ನಕ್ಷೆಗಳನ್ನು ಇನ್ನು ಎತ್ತಿಡಿ ಎಂದು ದೋಣಿಯಿಂದ ರೇಡಿಯೊ ಸಂದೇಶ ಕಳಿಸಿದ. ನೂರಾರು ಬೆಳ್ಳಿ ಗಟ್ಟಿಗಳು, ಒಂದು ಲಕ್ಷಕ್ಕೂ ಹೆಚ್ಚು ಬೆಳ್ಳಿ ನಾಣ್ಯಗಳು, ಚಿನ್ನ, ಪಚ್ಚೆ ಮೇಲೆ ಬಂದವು. ಮೂರು ವರ್ಷಗಳ ಬಳಿಕ ಅಮೆರಿಕದ ಸಂಸತ್ತು, ಮುಳುಗಿ ಬಿದ್ದ ಹಡಗುಗಳ ಮೇಲಿನ ಹಕ್ಕನ್ನು ರಾಜ್ಯಗಳಿಗೆ ಕೊಡುವ ಕಾನೂನನ್ನು ಅಂಗೀಕರಿಸಿತು.

1998ರ ಡಿಸೆಂಬರ್ 19ರಂದು, ತನ್ನ 76ನೆಯ ವಯಸ್ಸಿನಲ್ಲಿ, ಕೀ ವೆಸ್ಟ್‌ನಲ್ಲಿ ಫಿಶರ್ ಕಣ್ಮುಚ್ಚಿದ. ಅತೋಚಾದ ಹಿಂಬದಿಯ ಮೇಲಂತಸ್ತು ಅಂದಿಗೂ ಸಿಕ್ಕಿರಲಿಲ್ಲ. ಆತನ ಕುಟುಂಬದವರ ದೋಣಿಗಳು ಅದನ್ನು ಅರಸುತ್ತ ಬಳಿಕವೂ ಅದೇ ಕಡಲಿಗೆ ಹೋಗುತ್ತಲೇ ಇದ್ದವು.