ಮನೆ ಮಾರಿ ಪ್ರೆಸ್ ಹಾಕಿದ ವಕೀಲರು

ಲಾಭವಿಲ್ಲದ ಧಂಧೆಗೆ ಮನೆ ಮಾರುವವರನ್ನು ನಮ್ಮ ಅಕೌಂಟೆನ್ಸಿ ಪುಸ್ತಕ ಮೆಚ್ಚುವುದಿಲ್ಲ. ಆದರೂ ಕಾಮರ್ಸ್ ಓದುವ ನಾನು ಅಂಥ ಒಬ್ಬರ ಬಗ್ಗೆಯೇ ಬರೆಯುತ್ತಿದ್ದೇನೆ. ಅವರು ನಮ್ಮ ಧಾರವಾಡದಲ್ಲಿ 1880ರ ಜುಲೈ 2ರಂದು ಹುಟ್ಟಿದ ಫ. ಗು. ಹಳಕಟ್ಟಿಯವರು.

ತಂದೆ ಗುರುಬಸಪ್ಪನವರು ಶಿಕ್ಷಕರು. ಮಗ ಮುಂಬೈಯಲ್ಲಿ ಓದಿ, ವಕೀಲರಾಗಿ ವಿಜಾಪುರದಲ್ಲಿ ನೆಲೆಸಿದರು. ಅಲ್ಲಿ 1910ರಲ್ಲಿ ಬಿ.ಎಲ್.ಡಿ.ಇ. ಶಿಕ್ಷಣ ಸಂಸ್ಥೆ, 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕ್ ಶುರು ಮಾಡಿದರು. ಅಂದರೆ ಲೆಕ್ಕ ಗೊತ್ತಿಲ್ಲದ ಮನುಷ್ಯ ಅಲ್ಲ.

ವಚನಗಳನ್ನು ನಾವು ಪಠ್ಯಪುಸ್ತಕದಲ್ಲಿ ಓದುತ್ತೇವೆ. ಅವು ಯಾವಾಗಲೂ ಪುಸ್ತಕದಲ್ಲೇ ಇದ್ದವು ಎಂದು ನಾನು ತಿಳಿದಿದ್ದೆ. ನೂರು ವರ್ಷಗಳ ಹಿಂದೆ ಅವುಗಳಲ್ಲಿ ಬಹಳಷ್ಟು ತಾಳೆಗರಿಯ ಕಟ್ಟುಗಳಲ್ಲಿದ್ದವು. ಆ ಕಟ್ಟುಗಳನ್ನು ಕೆಲವು ಮನೆಗಳಲ್ಲಿ ಜಗಲಿಯ ಮೇಲಿಟ್ಟು ಪೂಜೆ ಮಾಡುತ್ತಿದ್ದರು, ಬಿಚ್ಚಿ ಓದುವವರು ಕಡಿಮೆ. ಕೆಲವನ್ನು ಹುಳ ತಿನ್ನುತ್ತಿತ್ತು. ಹಳಕಟ್ಟಿಯವರು ಊರೂರು ತಿರುಗಿ, ಕೇಳಿ ಬೇಡಿ, ಅವನ್ನು ಕೂಡಿಸಿದರು. ತಾಳೆಗರಿ ಓದುವುದು ಸುಲಭವಲ್ಲ. ಕಂಟದಿಂದ ಕೊರೆದ ಅಕ್ಷರ, ಶಬ್ದ ಶಬ್ದದ ನಡುವೆ ಜಾಗವೇ ಇರುವುದಿಲ್ಲ. ಒಂದು ಪ್ರತಿಯನ್ನು ಇನ್ನೊಂದರ ಜೊತೆ ಇಟ್ಟು ನೋಡಬೇಕು. ಇದನ್ನೆಲ್ಲ ಅವರು ವಕೀಲಿಯ ನಡುವೆ ಮಾಡಿದರು. ಆಗ ಐವತ್ತರಷ್ಟು ವಚನಕಾರರ ಹೆಸರು ಗೊತ್ತಿತ್ತಂತೆ. ಇವರು ಇನ್ನೂರಕ್ಕೂ ಹೆಚ್ಚು ಜನರನ್ನು ಹುಡುಕಿ ತೆಗೆದರು.

ಅಚ್ಚು ಹಾಕಿಸುವುದು ಇನ್ನೊಂದು ಕಷ್ಟ. ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿಗೆ ಕಳಿಸಿದ ಹಸ್ತಪ್ರತಿ ವಾಪಸ್ ಬಂತೆಂದು ಹೇಳುತ್ತಾರೆ. ಕೊನೆಗೆ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಬೆಳಗಾವಿಯಲ್ಲಿ ಅಚ್ಚಾಯಿತು. ಹೀಗೆ ಬೇರೆಯವರ ಬಾಗಿಲು ಕಾಯುವುದು ಸಾಕೆನಿಸಿರಬೇಕು. 1925ರಲ್ಲಿ ಇದ್ದ ಮನೆ ಮಾರಿ ವಿಜಾಪುರದಲ್ಲೇ ಹಿತಚಿಂತಕ ಪ್ರೆಸ್ ಹಾಕಿದರು. ಆಮೇಲೆ ಬಾಡಿಗೆ ಮನೆಯೇ ಗತಿ. 1926ರಲ್ಲಿ ‘ಶಿವಾನುಭವ’ ಪತ್ರಿಕೆ, ಮರುವರ್ಷ ‘ನವಕರ್ನಾಟಕ’ ವಾರಪತ್ರಿಕೆ ಶುರುವಾದವು. ತೇಪೆ ಹಾಕಿದ ಕೋಟು ತೊಟ್ಟೇ ಓಡಾಡುತ್ತಿದ್ದರಂತೆ. 1926ರ ಬಳ್ಳಾರಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರೂ ಅವರೇ, 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಡಾಕ್ಟರೇಟ್ ಕೊಟ್ಟಿತು. 1964ರಲ್ಲಿ ತೀರಿಕೊಂಡರು. ಬ್ಯಾಲೆನ್ಸ್ ಶೀಟ್ ಹಾಕಿದರೆ ಆಸ್ತಿಯ ಕಡೆ ಏನು ಬರೆಯುವುದೋ ನನಗೆ ತಿಳಿಯದು.

ವಿಜಯಪುರದಲ್ಲಿ ಈಗ ಅವರ ಹೆಸರಿನ ಸಂಶೋಧನ ಕೇಂದ್ರವಿದೆ. ಅವರು ಕೂಡಿಸಿದ ತಾಳೆಗರಿಗಳನ್ನು ಅಲ್ಲಿ ಕಾಪಾಡಿದ್ದಾರೆ. ಅದೇ ಊರಿನ ಆಸಾರ್ ಮಹಲಿನಲ್ಲಿ ಆದಿಲ್‌ಶಾಹಿ ಕಾಲದ ಅರಬ್ಬಿ, ಫಾರ್ಸಿ ಹಸ್ತಪ್ರತಿಗಳಿದ್ದವು. ಅವನ್ನು 1853ರಲ್ಲಿ ಲಂಡನ್ನಿಗೆ ಸಾಗಿಸಿದರು. ಇವತ್ತಿಗೂ ಅಲ್ಲೇ ಇವೆ, ನೋಡಬೇಕೆಂದರೆ ವೀಸಾ ಬೇಕು.

ನನ್ನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ನಮ್ಮ ದಾದಾ ಹುಬ್ಬಳ್ಳಿಯ ಹತ್ತಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಮನೆಯಲ್ಲಿ ಅವರ ಉರ್ದು ಡೈರಿಗಳು ಒಂದು ಟ್ರಂಕಿನ ತುಂಬ ಇದ್ದವು. ಹೋದ ವರ್ಷ ಬಣ್ಣ ಹಚ್ಚಿಸುವಾಗ ಅವನ್ನು ರದ್ದಿಗೆ ಹಾಕಿದೆವು. ಮುಂದೆ ನಿಂತು ತೂಗಿಸಿದವಳು ನಾನೇ. ಮನೆಯಲ್ಲಿ ಉರ್ದು ಮಾತಾಡುತ್ತೇನೆ, ಓದಲು ಬರುವುದಿಲ್ಲ. ಅದಕ್ಕೇ ಅವು ನನಗೆ ಬರೀ ಕಾಗದವಾಗಿ ಕಂಡವು. ಕಪಾಟಿನ ಹಿಂದೆ ಬಿದ್ದಿದ್ದ ಒಂದು ಡೈರಿ ಮಾತ್ರ ಉಳಿದಿದೆ. ರಾತ್ರಿ ಊಟವಾದ ಮೇಲೆ ಅಮ್ಮಿ ಓದಿ ಹೇಳುತ್ತಾಳೆ, ನಾನು ಕನ್ನಡದಲ್ಲಿ ಬರೆದುಕೊಳ್ಳುತ್ತೇನೆ. 11 ಪುಟ ಆಗಿದೆ. ಹೆಚ್ಚಿನದು ಹತ್ತಿಯ ರೇಟು, ಒಂದೆರಡು ಕಡೆ ಮಳೆಯ ಸುದ್ದಿ.